ನಾನು ಬರೆಯದ ಮೂರು ಎರರ್

ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಅಂತ ನಮ್ಮನೆಯವರು ಮದುವೆಯಾದ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಇರಲಿ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಬೇಸಿಗೆಯಲ್ಲಿ ನಾನು ಮಾಡಿದ್ದನ್ನು ಕೋಪದಲ್ಲಿ ಮಾಡಲಿಲ್ಲ. ಪಾಪ ಅಂದುಕೊಂಡು ಮಾಡಿದೆ. ಕೋಪ ಬಂದದ್ದು ಆಮೇಲೆ, ಒಬ್ಬ ಮನುಷ್ಯ ನನ್ನೆದುರು ನಿಂತು ಅದನ್ನು ಪ್ರಶ್ನೆ ಮಾಡಿದಾಗ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಸಿಡ್ನಿಯಲ್ಲಿ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಬೇಸ್‌ಬಾಲ್ ಮೈದಾನ ಇದೆ. ಬೇಸಿಗೆಯ, ಅಂದರೆ ಇಲ್ಲಿ ನವೆಂಬರಿನಿಂದ ಫೆಬ್ರುವರಿವರೆಗಿನ, ವಾರಾಂತ್ಯಗಳಲ್ಲಿ ಅಲ್ಲಿ ವೃತ್ತಿಪರ ಟೀಮುಗಳ ಪಂದ್ಯ ನಡೆಯುತ್ತದೆ. ವೃತ್ತಿಪರ ಅಂದ ತಕ್ಷಣ ಟಿವಿಯಲ್ಲಿ ನೋಡುವ ಥಳುಕನ್ನು ಕಲ್ಪಿಸಿಕೊಳ್ಳಬೇಡಿ. ಟೀಮಿನ ಅರ್ಧ ಜನ ಸೋಮವಾರ ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗುತ್ತಾರೆ. ಆ ಪಂದ್ಯಗಳಿಗೆ ನಾನು ಅಧಿಕೃತ ಸ್ಕೋರರ್ ಆಗಿದ್ದೆ.

ಮೈಸೂರಿನಲ್ಲಿ ನಾನು ಕ್ರಿಕೆಟ್ ಸ್ಕೋರರ್. ಡಿಗ್ರಿ ಓದುವಾಗ ಕಾಲೇಜು ಟೀಮಿಗೆ ಬರೆಯಲು ಶುರು ಮಾಡಿ, ಆಮೇಲೆ ಪರೀಕ್ಷೆ ಪಾಸು ಮಾಡಿಕೊಂಡು, ಹದಿನಾರು ವರ್ಷ ಲೀಗ್ ಪಂದ್ಯಗಳಿಗೆ ಬರೆದೆ. ಆ ಮೇಜಿನ ಹಿಂದೆ ಹೆಂಗಸರು ಕೂರುತ್ತಿದ್ದುದೇ ಅಪರೂಪ. ಒಮ್ಮೆ ಒಬ್ಬ ಅಂಪೈರ್ ನನ್ನನ್ನು ನೋಡಿ, ಟೀ ಎಷ್ಟೊತ್ತಿಗೆ ಬರುತ್ತಮ್ಮ ಅಂತ ಕೇಳಿದ್ದ. ಪಂದ್ಯ ಮುಗಿಯುವಷ್ಟರಲ್ಲಿ ಅವನು ಎರಡು ಓವರ್‌ನಲ್ಲಿ ಏಳೇಳು ಎಸೆತ ಹಾಕಿಸಿದ್ದನ್ನು ಪುಸ್ತಕ ತೆರೆದು ತೋರಿಸಿದೆ. ಆಮೇಲೆ ಟೀ ಅವನೇ ತಂದುಕೊಟ್ಟ. ನಮ್ಮನೆಯವರ ಐಟಿ ಕೆಲಸದ ವೀಸಾ ಮೇಲೆ ಇಲ್ಲಿಗೆ ಬಂದಾಗ ಅದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಮಗಳ ಸ್ಕೂಲಿನಲ್ಲಿ ಸಾಫ್ಟ್‌ಬಾಲ್ ಪಂದ್ಯಕ್ಕೆ ಸ್ಕೋರ್ ಬರೆಯುವವರು ಬೇಕು ಅಂದರು, ಕೈ ಎತ್ತಿದವಳು ನಾನೊಬ್ಬಳೇ. ಅಲ್ಲಿಂದ ಕ್ಲಬ್ಬು, ಕ್ಲಬ್ಬಿನಿಂದ ಆ ದೊಡ್ಡ ಮೈದಾನದ ಗಾಜಿನ ಬಾಕ್ಸು.

ಎರಡು ಆಟಗಳ ಪುಸ್ತಕಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕ್ರಿಕೆಟ್‌ನಲ್ಲಿ ಸ್ಕೋರರ್ ತನ್ನ ಅಭಿಪ್ರಾಯ ಬರೆಯುವ ಹಾಗಿಲ್ಲ. ಅಂಪೈರ್ ಕೈ ತೋರಿಸುತ್ತಾನೆ, ನಾವು ಬರೆದುಕೊಳ್ಳುತ್ತೇವೆ. ಎಂಥ ಸುಲಭದ ಕ್ಯಾಚನ್ನು ಕೈಬಿಟ್ಟರೂ ರನ್ ಓಡದಿದ್ದರೆ ಪುಸ್ತಕದಲ್ಲಿ ಬೀಳುವುದು ಒಂದು ಚುಕ್ಕೆ. ಯಾರು ಬಿಟ್ಟರು ಅಂತ ಹತ್ತು ವರ್ಷ ಆದಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಹೊಡೆದ ಚೆಂಡು ಫೀಲ್ಡರ್‌ಗೆ ಸಿಗದೆ ಹೋಯಿತು ಅಂದರೆ, ಅದು ನಿಜವಾಗಿಯೂ ಕಷ್ಟದ ಚೆಂಡೇ ಅಥವಾ ಅವನು ಹಿಡಿಯಬಹುದಾಗಿದ್ದನ್ನು ಬಿಟ್ಟನೇ ಅಂತ ಸ್ಕೋರರ್ ಒಬ್ಬಳೇ ಕೂತು ತೀರ್ಮಾನಿಸಬೇಕು. ಕಷ್ಟದ್ದಾದರೆ ಅದು ಹಿಟ್. ಬಿಟ್ಟಿದ್ದಾದರೆ ಫೀಲ್ಡರ್ ಹೆಸರಿಗೆ ಎರರ್. ನಾನು ಕೀಲಿ ಒತ್ತಿದ ತಕ್ಷಣ ಮೈದಾನದ ದೊಡ್ಡ ಬೋರ್ಡಿನ ಮೇಲೆ ಎಚ್ ಅಥವಾ ಇ ಅನ್ನುವ ಅಕ್ಷರ ಹತ್ತಿಕೊಳ್ಳುತ್ತದೆ. ಎಲ್ಲರೂ ತಲೆಯೆತ್ತಿ ನೋಡುತ್ತಾರೆ.

ಅದರಿಂದ ಇನ್ನೊಬ್ಬನ ಹಣೆಬರಹವೂ ಬದಲಾಗುತ್ತದೆ. ಅವನು ಪಿಚರ್, ನಮ್ಮ ಬೌಲರ್ ಇದ್ದ ಹಾಗೆ. ಪ್ರತಿ ಪಿಚರ್‌ಗೂ ಒಂದು ಸರಾಸರಿ ಇರುತ್ತದೆ, ಒಂದು ಪೂರ್ತಿ ಪಂದ್ಯಕ್ಕೆ, ಅಂದರೆ ಒಂಬತ್ತು ಇನಿಂಗ್ಸಿಗೆ, ಎಷ್ಟು ರನ್ ಬಿಡುತ್ತಾನೆ ಅನ್ನುವುದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಫೀಲ್ಡರ್‌ನ ಎರರ್‌ನಿಂದ ಬಂದ ರನ್ನುಗಳನ್ನು ಅವನ ತಲೆಗೆ ಕಟ್ಟುವುದಿಲ್ಲ. ಅದೇ ಚೆಂಡನ್ನು ನಾನು ಹಿಟ್ ಅಂದರೆ ಆ ರನ್ನೆಲ್ಲ ಅವನ ತಲೆಗೇ.

ಆ ವರ್ಷ ನಮ್ಮ ಟೀಮು ಸೋಲಲು ಶುರು ಮಾಡಿದ್ದು ಮೊದಲ ವಾರದಿಂದಲೇ. ಸೀಸನ್‌ಗೆ ಮುಂಚೆ ಎಲ್ಲರೂ ಫೈನಲ್‌ಗೆ ಹೋಗುವ ಟೀಮು ಅಂತ ಮಾತಾಡಿಕೊಂಡಿದ್ದರು. ಅಮೆರಿಕದಿಂದ ಬರಬೇಕಿದ್ದ ಇಬ್ಬರು ಬರಲಿಲ್ಲ, ಬಂದ ಒಬ್ಬ ಮಂಡಿ ನೋವು ಅಂತ ವಾಪಸ್ ಹೋದ. ಕ್ರಿಸ್‌ಮಸ್ ಹೊತ್ತಿಗೆ ನಾವು ಟೇಬಲ್ಲಿನ ಕೊನೆಯಲ್ಲಿದ್ದೆವು. ಜನ ಕಡಿಮೆಯಾದರು. ಮೊದಮೊದಲು ಸೋತ ದಿನ ಆಟಗಾರರು ಕೋಪ ಮಾಡಿಕೊಂಡು ಹೆಲ್ಮೆಟ್ ಎಸೆಯುತ್ತಿದ್ದರು. ಆಮೇಲಾಮೇಲೆ ಅದೂ ನಿಂತಿತು. ಸೋತು ಹೊರಗೆ ಬಂದು ಕಾರ್ ಪಾರ್ಕಿನಲ್ಲಿ ನಗುತ್ತಾ ಮಾತಾಡಿಕೊಂಡು ಹೋಗುವುದನ್ನು ನೋಡಿದಾಗ ನನಗೆ ರೇಗುತ್ತಿತ್ತು.

ಒಂದು ವಿಷಯ ಆಗ ಗಮನಿಸಿದೆ. ಟೀಮು ಗೆಲ್ಲುತ್ತಿದ್ದ ವರ್ಷಗಳಲ್ಲಿ ನನ್ನ ಬಾಕ್ಸಿನ ಕಡೆ ಒಬ್ಬನೂ ತಲೆ ಹಾಕುತ್ತಿರಲಿಲ್ಲ. ಸೋಲುತ್ತಾ ಹೋದ ಹಾಗೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಅಂಕಿ ವಿಚಾರಿಸತೊಡಗಿದರು. ಟೀಮಿಗೆ ಸಿಗುವುದೇನೂ ಉಳಿದಿರಲಿಲ್ಲವಲ್ಲ, ಮುಂದಿನ ವರ್ಷ ಯಾರಾದರೂ ಕರೆಯಬೇಕಾದರೆ ಅವರವರ ಅಂಕಿಯೇ ಗತಿ.

ನಮ್ಮ ಟೀಮಿನ ಶಾರ್ಟ್‌ಸ್ಟಾಪ್ ಒಬ್ಬ ಕನ್ನಡದ ಹುಡುಗ. ರನ್ ಓಡುವವರು ಒಂದೊಂದಾಗಿ ಮುಟ್ಟಬೇಕಾದ ಬೇಸ್‌ಗಳಲ್ಲಿ ಎರಡನೆಯದು ಮತ್ತು ಮೂರನೆಯದರ ನಡುವೆ ನಿಲ್ಲುವವನು, ಹೆಚ್ಚು ಚೆಂಡು ಬರುವುದೇ ಅಲ್ಲಿಗೆ. ಇಪ್ಪತ್ತೆರಡು ವರ್ಷ. ಸಿಡ್ನಿಯಲ್ಲಿ ನಮ್ಮವರು ಹೆಚ್ಚಾಗಿರುವ ಗಿರಾವೀನ್‌ನಲ್ಲಿ ಬೆಳೆದವನು, ಅಮ್ಮ ಮಂಡ್ಯ ಕಡೆಯವಳು, ಚೈಲ್ಡ್ ಕೇರ್‌ನಲ್ಲಿ ಕೆಲಸ. ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಆಡುವ ನಮ್ಮವನು ಅಂತ ಇಡೀ ಗಿರಾವೀನ್‌ಗೆ ಅವನ ಮೇಲೆ ಹೆಮ್ಮೆ. ಆ ತಾಯಿ ಸಿಡ್ನಿಯ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ನನ್ನ ಬಾಕ್ಸಿನ ಸರಿಯಾಗಿ ಕೆಳಗಿನ ಸಾಲಿನಲ್ಲಿ ಟೋಪಿ ಹಾಕಿಕೊಂಡು, ಮೇಲೊಂದು ಛತ್ರಿ ಹಿಡಿದು ಕೂರುತ್ತಿದ್ದಳು. ಮೊದಲ ದಿನವೇ ಮೇಲೆ ಹತ್ತಿ ಬಂದು, "ಅಕ್ಕ, ನೀವು ಮೈಸೂರವರಂತೆ" ಅಂತ ಚಿತ್ರಾನ್ನದ ಡಬ್ಬಿ ಕೊಟ್ಟಳು. ಸ್ಕೋರರ್ ಯಾರ ಕೈಯಿಂದಲೂ ಏನೂ ತಗೋಬಾರದು. ನಾನು ತಗೊಂಡೆ. ಮೈದಾನದಲ್ಲಿ ಕನ್ನಡ ಕೇಳಿ ನನಗೆ ಅಷ್ಟು ಖುಷಿಯಾಗಿತ್ತು.

ಮೊದಲ ತೀರ್ಪು ಡಿಸೆಂಬರಿನ ಒಂದು ಮಧ್ಯಾಹ್ನದ್ದು. ಸಾಧಾರಣವಾಗಿ ನೆಲದ ಮೇಲೆ ಉರುಳಿ ಬಂದ ಚೆಂಡು ಹುಡುಗನ ಗ್ಲೌಸಿಗೆ ತಾಗಿ ಪಕ್ಕಕ್ಕೆ ಹೋಯಿತು. ಅವನ ತಲೆ ಕೆಳಗಾಯಿತು. ಕೆಳಗಿನ ಸಾಲಿನಲ್ಲಿ ಛತ್ರಿ ಅಲುಗಾಡಿತು. ನನ್ನ ಬೆರಳು ಇ ಮೇಲೆ ಇತ್ತು. ಆ ಅಕ್ಷರ ಹತ್ತಿಕೊಂಡರೆ ಆ ತಾಯಿ ತಲೆಯೆತ್ತಿ ನೋಡಬೇಕು, ಮಿಕ್ಕವರು ಅವಳನ್ನು ನೋಡಬೇಕು. ಮೊದಲೇ ಟೀಮು ಮಣ್ಣು ಮುಕ್ಕುತ್ತಿದೆ, ಇದೊಂದು ಬೇರೆ ಯಾಕೆ ಅನ್ನಿಸಿತು. ಚೆಂಡು ಕೊನೆಯಲ್ಲಿ ಸ್ವಲ್ಪ ಪುಟಿಯಿತು ಅಂತ ನನಗೆ ನಾನೇ ಹೇಳಿಕೊಂಡು ಹಿಟ್ ಅಂತ ಒತ್ತಿದೆ. ಅದು ಪುಟಿದಿರಲಿಲ್ಲ.

ಆವತ್ತು ಎಸೆಯುತ್ತಿದ್ದವನು ನಮ್ಮ ಎಡಗೈ ಪಿಚರ್. ಅವನನ್ನು ನಾನು ಮನೆಯಲ್ಲಿ ಎಡಚ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಮೂವತ್ತೊಂದು ವರ್ಷ, ವಾರದ ದಿನಗಳಲ್ಲಿ ಪ್ಲಂಬರ್. ಹದಿನೆಂಟಕ್ಕೇ ಅಮೆರಿಕಕ್ಕೆ ಹೋಗಿ, ಅಲ್ಲಿ ಕೆಳಗಿನ ಮಟ್ಟದ ಟೀಮುಗಳಲ್ಲಿ ಆರು ವರ್ಷ ಆಡಿ, ಭುಜ ಕೆಟ್ಟು ವಾಪಸ್ ಬಂದವನು. ಆಪರೇಷನ್ ಆಗಿ ಈಗ ಮತ್ತೆ ಚೆನ್ನಾಗಿ ಎಸೆಯುತ್ತಿದ್ದ. ಆ ಟೀಮಿನಲ್ಲಿ ಚೆನ್ನಾಗಿ ಆಡುತ್ತಿದ್ದವನು ಅಂದರೆ ಅವನೊಬ್ಬನೇ.

ಪಂದ್ಯ ಮುಗಿದ ಮೇಲೆ ಅವನು ಮೆಟ್ಟಿಲು ಹತ್ತಿ ಬಂದ. ಟೋಪಿ ಕೈಯಲ್ಲಿತ್ತು. ಆ ನಾಲ್ಕನೇ ಇನಿಂಗ್ಸಿನ ಚೆಂಡನ್ನು ವಿಡಿಯೋದಲ್ಲಿ ಇನ್ನೊಮ್ಮೆ ನೋಡಲು ಸಾಧ್ಯವೇ ಅಂತ ಮೆತ್ತಗೆ ಕೇಳಿದ. ಪಂದ್ಯ ಮುಗಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಸ್ಕೋರರ್ ತನ್ನ ತೀರ್ಪನ್ನು ಬದಲಿಸಬಹುದು, ಆಮೇಲೆ ಆಗುವುದಿಲ್ಲ. ನೋಡುತ್ತೇನೆ ಅಂದೆ. ನೋಡಲಿಲ್ಲ. ನೋಡಿದರೆ ಏನು ಕಾಣುತ್ತದೆ ಅಂತ ನನಗೆ ಗೊತ್ತಿತ್ತು.

ಎರಡನೆಯದು ಸಂಕ್ರಾಂತಿಯ ವಾರ. ಆ ತಾಯಿ ಜರಿಯಂಚಿನ ಸೀರೆಯಲ್ಲೇ ಮೈದಾನಕ್ಕೆ ಬಂದಿದ್ದಳು. ಎಳ್ಳುಬೆಲ್ಲದ ಪೊಟ್ಟಣ ಕೊಟ್ಟು, "ಅಕ್ಕ, ಅವ್ನು ರಾತ್ರಿಯೆಲ್ಲ ಹೊರಳಾಡ್ತಾನೆ. ಊಟ ಸೇರ್ತಿಲ್ಲ. ಕೋಚ್ ಅವನನ್ನ ಕೂರಿಸಿಬಿಡ್ತಾರೇನೋ ಅಂತ ಭಯ" ಅಂದಳು. ಒಂದು ಗಂಟೆ ಆದಮೇಲೆ ಹುಡುಗ ಚೆಂಡನ್ನು ಸರಿಯಾಗಿ ಹಿಡಿದು, ಒಂದನೇ ಬೇಸ್‌ಗೆ ಎಸೆಯುವಾಗ ಅಲ್ಲಿ ನಿಂತಿದ್ದವನ ತಲೆ ಮೇಲೆ ಎಸೆದ. ಕಣ್ಣಿರುವ ಯಾರಿಗಾದರೂ ಅದು ಎರರ್. ಓಡುವವನು ಹೇಗಿದ್ದರೂ ಮೊದಲೇ ತಲುಪುತ್ತಿದ್ದ ಅಂತ ನೆಪ ಹುಡುಕಿ ಹಿಟ್ ಕೊಟ್ಟೆ. ಎಡಚನ ತಲೆಗೆ ಎರಡು ರನ್ ಬಂತು.

ಈ ಸಲ ಅವನು ಬಂದು ಕುರ್ಚಿ ಎಳೆದುಕೊಂಡು ಕೂತ. "ನಿಮಗೆ ಒಂದು ವಿಷಯ ಹೇಳಬೇಕು," ಅಂದ. ಜಪಾನಿನ ಒಂದು ಟೀಮಿನವರು ನವೆಂಬರಿನಲ್ಲಿ ಬಂದು ಅವನ ಆಟ ನೋಡಿದ್ದರಂತೆ. ಸೀಸನ್ನಿನ ಕೊನೆಗೆ ಸರಾಸರಿ ನಾಲ್ಕರೊಳಗೆ ಇದ್ದರೆ ಅಲ್ಲಿನ ಕ್ಯಾಂಪಿಗೆ ಕರೆಯುತ್ತೇವೆ ಅಂದಿದ್ದರಂತೆ. "ನನ್ನ ವಯಸ್ಸಿಗೆ ಇನ್ನೊಮ್ಮೆ ಯಾರೂ ಕೇಳಲ್ಲ. ಅದಕ್ಕೇ ಬಂದಿದ್ದೇನೆ. ನನಗೆ ಸೇರಿದ ರನ್ ನನಗೇ ಹಾಕಿ. ನನ್ನದಲ್ಲದ್ದು ಬೇಡ, ಅಷ್ಟೇ."

ಆಯಿತು ಅನ್ನಬಹುದಾಗಿತ್ತು. ವಿಡಿಯೋ ಹಾಕಿ ಇಬ್ಬರೂ ನೋಡಬಹುದಾಗಿತ್ತು. ಬದಲಿಗೆ, ಮೈಸೂರಿನಲ್ಲಿ ಯಾವ ಆಟಗಾರನೂ ಸ್ಕೋರರ್ ಮೇಜಿನ ಹತ್ತಿರ ಬಂದು ಚೌಕಾಸಿ ಮಾಡುತ್ತಿರಲಿಲ್ಲ ಅನ್ನುವುದು ನನಗೆ ನೆನಪಾಯಿತು, ಮುಖ ಬಿಗಿಯಿತು. ಎಲ್ಲ ನಿಯಮದ ಪ್ರಕಾರವೇ ಬರೆದಿದ್ದೇನೆ ಅಂದೆ. ಅವನು ಥ್ಯಾಂಕ್ಸ್ ಅಂತ ಹೇಳಿ, ಎದ್ದು ಕುರ್ಚಿಯನ್ನು ಇದ್ದ ಜಾಗದಲ್ಲೇ ಇಟ್ಟು ಹೋದ.

ಮರುದಿನ ಹ್ಯಾರಿಸ್ ಪಾರ್ಕ್‌ನ ಅಂಗಡಿಯಲ್ಲಿ ಹೆಸರುಬೇಳೆ ತಗೊಳ್ಳುತ್ತಿದ್ದಾಗ ಆ ಹುಡುಗ ಸಿಕ್ಕ. ಅಮ್ಮ ಬರೆದುಕೊಟ್ಟ ಪಟ್ಟಿ ಹಿಡಿದು ಕರಿಬೇವು ಎಲ್ಲಿದೆ ಅಂತ ಹುಡುಕುತ್ತಿದ್ದ. ನನ್ನನ್ನು ನೋಡಿ ಹತ್ತಿರ ಬಂದು, ಸುತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದ, "ಆಂಟಿ, ನಿನ್ನೆದು ಎರರ್. ದಟ್ ವಾಸ್ ಮೈನ್. ಯು ಕ್ಯಾನ್ ಚೇಂಜ್ ಇಟ್, ಅಲ್ವಾ?"

"ಸುಮ್ನಿರೋ. ನಿನ್ ಕೆಲ್ಸ ನೀನ್ ನೋಡ್ಕೊ, ಬರೆಯೋದು ನನ್ ಕೆಲ್ಸ," ಅಂದೆ.

"ಹಿ ಈಸ್ ಮೈ ಮೇಟ್, ಆಂಟಿ."

"ಅಮ್ಮನ ಮುಖ ನೋಡಿದೀಯೇನೋ ನೀನು? ಹೋಗು, ಕರಿಬೇವು ಆ ಕಡೆ ಫ್ರಿಜ್‌ನಲ್ಲಿದೆ."

ಅವನು ತಲೆ ತಗ್ಗಿಸಿಕೊಂಡು ಹೋದ. ಇಪ್ಪತ್ತನಾಲ್ಕು ಗಂಟೆ ಮುಗಿಯಲು ಆಗ ಇನ್ನೂ ನಾಲ್ಕು ಗಂಟೆ ಬಾಕಿ ಇತ್ತು. ನಾನು ಮನೆಗೆ ಬಂದು ಬೇಳೆ ನೆನೆಹಾಕಿದೆ. ನಮ್ಮನೆಯವರಿಗೆ ಎಲ್ಲ ಹೇಳಿದಾಗ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ನೀನಲ್ಲಿ ಸ್ಕೋರರ್ರಾ, ಅವನಮ್ಮನಾ?" ಅಂದರು. ಆಟದ ಗಂಧಗಾಳಿ ಗೊತ್ತಿಲ್ಲದವರು ಬಾಯಿ ಹಾಕಬಾರದು ಅಂತ ರೇಗಿದೆ.

ಮೂರನೆಯದರ ಬಗ್ಗೆ ಹೆಚ್ಚು ಹೇಳಲು ಇಷ್ಟವಿಲ್ಲ. ಚೆಂಡು ಮೇಲೆ ಹೋಗಿತ್ತು, ಹುಡುಗ ಅದರ ಕೆಳಗೆ ನಿಂತಿದ್ದ, ಹಿಡಿಯಲಿಲ್ಲ. ನಾನು ಬಿಸಿಲಿನ ನೆಪ ಹೇಳಿ ಹಿಟ್ ಅಂದೆ. ಬಿಸಿಲು ಅವನ ಬೆನ್ನಿಗಿತ್ತು. ಎಡಚ ಆ ದಿನ ಮೆಟ್ಟಿಲು ಹತ್ತಿ ಬರುವಷ್ಟರಲ್ಲೇ ನಾನು ಕಾದು ಕೂತಿದ್ದೆ. ಅವನು ಬಾಯಿ ತೆರೆಯುವ ಮುಂಚೆ ನಾನೇ ಶುರು ಮಾಡಿದೆ. ಹದಿನಾರು ವರ್ಷ ಪುಸ್ತಕ ಬರೆದಿದ್ದೇನೆ, ನೀನು ಹುಟ್ಟುವ ಮುಂಚಿನಿಂದ ಆಟ ನೋಡಿದ್ದೇನೆ, ನನಗೆ ಪಾಠ ಹೇಳಲು ಬರಬೇಡ, ನಿನ್ನ ಅಂಕಿ ಚೆನ್ನಾಗಿರಬೇಕಾದರೆ ಚೆನ್ನಾಗಿ ಎಸೆ. ಇಷ್ಟನ್ನೂ ಅವನ ಮುಖದ ಮೇಲೆ ಹೇಳಿದೆ. ಪಕ್ಕದಲ್ಲಿ ಮೈಕಿನಲ್ಲಿ ಘೋಷಣೆ ಮಾಡುವವನು ಕೂತಿದ್ದ, ಅವನು ಕಿಟಕಿಯ ಕಡೆ ತಿರುಗಿಕೊಂಡ. ಎಡಚ ಟೋಪಿ ಹಾಕಿಕೊಂಡ. ಇಳಿದು ಹೋದ. ನಾನು ಗೆದ್ದೆ ಅನ್ನಿಸಿತು, ಅರ್ಧ ಗಂಟೆ. ಆಮೇಲೆ ಕಾರಿನಲ್ಲಿ ಮನೆಗೆ ಬರುವಾಗ ನಮ್ಮ ತಿರುವು ದಾಟಿ ಎರಡು ಸಿಗ್ನಲ್ ಮುಂದೆ ಹೋಗಿಬಿಟ್ಟೆ.

ಸೀಸನ್ನಿನ ಕೊನೆಯ ಪಂದ್ಯಗಳು ಮೆಲ್ಬೋರ್ನ್‌ನಲ್ಲಿ. ಅಲ್ಲಿನ ಸ್ಕೋರರ್‌ಗೆ ಕಣ್ಣಿನ ಆಪರೇಷನ್ ಆಗಿತ್ತು, ಬೇರೆ ಯಾರೂ ಸಿಗಲಿಲ್ಲ, ಲೀಗಿನವರು ನನ್ನನ್ನು ಕಳಿಸಿದರು. ಆ ಹೊತ್ತಿಗೆ ನಾವು ಸತತ ಒಂಬತ್ತು ಪಂದ್ಯ ಸೋತಿದ್ದೆವು. ಏರ್‌ಪೋರ್ಟಿನಲ್ಲಿ ಟೀಮಿನವರೆಲ್ಲ ಇದ್ದರು. ಎಡಚ ನನ್ನನ್ನು ನೋಡಿ ತಲೆ ಆಡಿಸಿದ, ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ನನ್ನಿಂದಲೇ ಅವನ ಕಣ್ಣು ನೋಡಲು ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಹೋಟೆಲಿನ ರೂಮಿನಲ್ಲಿ ಕಾಫಿ ಕುಡಿಯುತ್ತಾ, ಮಾಡಬಾರದು ಅಂದುಕೊಂಡಿದ್ದ ಲೆಕ್ಕವನ್ನು ಮಾಡಿದೆ. ಆ ಮೂರನ್ನೂ ಎರರ್ ಅಂತ ಬರೆದಿದ್ದರೆ ಅವನ ಸರಾಸರಿ ನಾಲ್ಕಕ್ಕಿಂತ ಎಷ್ಟೋ ಕೆಳಗೆ ಇರುತ್ತಿತ್ತು. ಆರಾಮಾಗಿ ಮನೆಯಲ್ಲಿ ಕೂತು ಫೋನಿಗೆ ಕಾಯಬಹುದಾಗಿತ್ತು. ಈಗ ಅದು ನಾಲ್ಕಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಆವತ್ತು ಅವನು ಆರು ಇನಿಂಗ್ಸ್ ಎಸೆದು, ಎರಡೇ ಎರಡು ರನ್ ಬಿಟ್ಟರೆ ನಾಲ್ಕರೊಳಗೆ ಬರುತ್ತಿದ್ದ. ಮೂರನೆಯದು ಬಂದರೆ ಮುಗಿಯಿತು. ಒಬ್ಬನ ಬಾಳಿನ ಕೊನೆಯ ಅವಕಾಶವನ್ನು ನಾನು ಈ ಗತಿಗೆ ತಂದಿಟ್ಟಿದ್ದೆ. ಕಾಫಿ ಆರಿಹೋಯಿತು. ಯಾರಿಗಾದರೂ ಫೋನ್ ಮಾಡಿ ಹೇಳೋಣ ಅನ್ನಿಸಿತು. ಯಾರಿಗೆ ಅಂತ ಮಾಡುವುದು.

ಆ ಮಧ್ಯಾಹ್ನ ಅವನು ಎಸೆದ ಹಾಗೆ ನಾನು ಆ ಸೀಸನ್ನಿನಲ್ಲಿ ಯಾರನ್ನೂ ನೋಡಲಿಲ್ಲ. ಗಾಳಿ ಜೋರಾಗಿತ್ತು, ಮಧ್ಯೆ ಹತ್ತು ನಿಮಿಷ ಮಳೆಯೂ ಬಂತು. ಐದು ಇನಿಂಗ್ಸ್‌ನಲ್ಲಿ ಬಿಟ್ಟದ್ದು ಒಂದೇ ರನ್. ಆರನೆಯದರಲ್ಲಿ ಇಬ್ಬರು ಔಟಾದರು, ಇಬ್ಬರು ಬೇಸ್ ಮೇಲಿದ್ದರು. ಮೂರನೆಯವನು ಔಟಾದರೆ ಇನಿಂಗ್ಸೂ ಮುಗಿಯುತ್ತಿತ್ತು, ಅವನ ಕೆಲಸವೂ ಮುಗಿಯುತ್ತಿತ್ತು. ಕೋಚು ಹೊರಗೆ ಬಂದು ಅವನ ಹತ್ತಿರ ಏನೋ ಕೇಳಿದ, ಅವನು ಇಲ್ಲ ಅಂತ ತಲೆ ಆಡಿಸಿದ, ಕೋಚು ವಾಪಸ್ ಹೋದ. ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಸ್ಕೋರರ್ ಯಾರ ಪರವೂ ಇರಬಾರದು ಅನ್ನುವುದೆಲ್ಲ ಆಗ ನನಗೆ ನೆನಪಿರಲಿಲ್ಲ.

ಚೆಂಡು ಗುಂಡಿನ ಹಾಗೆ ಬಂತು, ಶಾರ್ಟ್‌ಸ್ಟಾಪ್‌ನ ಬಲಕ್ಕೆ, ತುಂಬ ದೂರ. ನಮ್ಮ ಹುಡುಗ ಪೂರ್ತಿ ಮೈಚಾಚಿ ಹಾರಿದ. ಅಂಥ ಚೆಂಡಿಗೆ ಹೆಚ್ಚಿನವರು ಹಾರುವುದೂ ಇಲ್ಲ. ಗ್ಲೌಸಿನ ತುದಿಗೆ ತಾಗಿತು, ಕ್ಷಣ ನಿಂತಿತು, ಅವನು ನೆಲಕ್ಕೆ ಬಿದ್ದ ಹೊಡೆತಕ್ಕೆ ಹೊರಗೆ ಬಿತ್ತು. ಇಬ್ಬರೂ ಓಡಿ ಬಂದರು. ಎರಡು ರನ್. ಹುಡುಗ ಮಣಿಕಟ್ಟು ಹಿಡಿದುಕೊಂಡು ಹಾಗೇ ಮಲಗಿದ್ದ.

ಅದು ಹಿಟ್. ಅದಕ್ಕಿಂತ ಸ್ಪಷ್ಟವಾದ ಹಿಟ್ ಇರಲಾರದು. ಹಿಟ್ ಅಂತ ಒತ್ತಿದರೆ ಎಡಚನ ತಲೆಗೆ ಮೂರು ರನ್, ನಾಲ್ಕು ದಾಟಿತು, ಜಪಾನ್ ಇಲ್ಲ. ಇ ಅಂತ ಒತ್ತಿದರೆ ಆ ಎರಡೂ ರನ್ ಅವನಿಗೆ ಸೇರುವುದಿಲ್ಲ. ಗ್ಲೌಸಿಗೆ ತಾಗಿ ಕೆಳಗೆ ಬಿದ್ದ ಚೆಂಡು ತಾನೇ, ಯಾರು ಕೇಳುತ್ತಾರೆ. ಮೂರು ಸಲ ಅವನಿಗೆ ಮಾಡಿದ ಅನ್ಯಾಯಕ್ಕೆ ಒಂದು ಸಲವಾದರೂ ಸರಿ ಮಾಡೋಣ ಅಂದುಕೊಂಡೆ. ನಾನು ಇ ಒತ್ತಿದೆ.

ಮೆಲ್ಬೋರ್ನ್‌ನ ಬೋರ್ಡು ನಮ್ಮದಕ್ಕಿಂತ ದೊಡ್ಡದು. ಹುಡುಗ ಎದ್ದು ಮಣ್ಣು ಕೊಡವಿಕೊಂಡು ಅದನ್ನು ನೋಡಿದ. ನನ್ನ ಬಾಕ್ಸಿನ ಕಡೆ ತಿರುಗಲಿಲ್ಲ, ತನ್ನ ಜಾಗಕ್ಕೆ ಹೋಗಿ ನಿಂತ. ಎಡಚ ಮಾತ್ರ ಬೋರ್ಡು ನೋಡಿ, ಆಮೇಲೆ ನೇರ ಮೇಲೆ ನನ್ನ ಕಡೆ ನೋಡಿದ. ನನ್ನ ಫೋನು ಸದ್ದು ಮಾಡಿತು. ಸಿಡ್ನಿಯಲ್ಲಿ ಮನೆಯಲ್ಲಿ ಕೂತು ನೋಡುತ್ತಿದ್ದ ಆ ತಾಯಿಯ ಮೆಸೇಜು. "ಯಾಕಕ್ಕ?" ಅಂತ ಅಷ್ಟೇ ಇತ್ತು. ನಾನು ಫೋನನ್ನು ಬೋರಲು ಹಾಕಿದೆ.

ಎಡಚ ಮುಂದಿನವನನ್ನು ಔಟ್ ಮಾಡಿ ಆರನೇ ಇನಿಂಗ್ಸ್ ಮುಗಿಸಿದ, ಆದರೂ ಆ ಪಂದ್ಯವನ್ನೂ ಸೋತೆವು. ಜನ ಹೋದರು, ನಾನು ಪುಸ್ತಕ ಮುಗಿಸುತ್ತಿದ್ದೆ. ಕೆಳಗೆ ಟೀಮಿನ ಬಸ್ಸು ನಿಂತಿತ್ತು. ಎಡಚ ಭುಜಕ್ಕೆ ಐಸ್ ಕಟ್ಟಿಕೊಂಡೇ ಒಳಗೆ ಬಂದ. ಥ್ಯಾಂಕ್ಸ್ ಹೇಳಲು ಬಂದಿದ್ದಾನೆ ಅಂದುಕೊಂಡೆ. ನಿಜವಾಗಲೂ ಹಾಗೇ ಅಂದುಕೊಂಡೆ, ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ಆರನೇ ಇನಿಂಗ್ಸಿಂದು ಹಿಟ್," ಅಂದ.

"ಅದು ನನ್ನ ತೀರ್ಪು."

"ಗೊತ್ತು. ಬದಲಿಸಿ ಅಂತ ಕೇಳೋಕೆ ಬಂದೆ."

"ಬದಲಿಸಿದರೆ ನೀವು ನಾಲ್ಕು ದಾಟುತ್ತೀರಿ," ಅಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ನನಗೂ ಲೆಕ್ಕ ಬರುತ್ತೆ." ಅವನು ಕೂರಲಿಲ್ಲ. "ಆ ಹುಡುಗ ನನಗೋಸ್ಕರ ನೆಲಕ್ಕೆ ಬಿದ್ದ. ಮಣಿಕಟ್ಟು ಊದಿದೆ, ಎಕ್ಸ್‌ರೇಗೆ ಕರೆದುಕೊಂಡು ಹೋಗುತ್ತಿದ್ದಾರೆ. ಅದನ್ನ ಅವನ ಹೆಸರಿಗೆ ತಪ್ಪು ಅಂತ ಬರೆಸಿಕೊಂಡು ನಾನು ಎಲ್ಲಿಗೂ ಹೋಗಲ್ಲ."

ನಾನು ವಿಡಿಯೋ ಹಾಕಲಿಲ್ಲ, ಬೇಕಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಆ ಸಾಲು ತೆರೆದು ಇ ಅಳಿಸಿ ಎಚ್ ಹಾಕಿದೆ. ಪಕ್ಕದ ಕಾಲಮಿನಲ್ಲಿ ಅವನ ಸರಾಸರಿ ತಾನೇ ಬದಲಾಯಿತು. ಮೊದಲ ಅಂಕಿ ಮೂರು ಇದ್ದದ್ದು ನಾಲ್ಕಾಯಿತು. ಅವನು ಅದನ್ನು ನೋಡಿದ. ಭುಜದ ಐಸಿನ ಪಟ್ಟಿಯನ್ನು ಸರಿಮಾಡಿಕೊಂಡ, ಅಷ್ಟೇ. ಚೆನ್ನಾಗಿ ಬರೆದಿರಿ ಅನ್ನುವ ಹಾಗೆ ನನ್ನ ಕಡೆ ತಲೆ ಆಡಿಸಿ ಬಾಗಿಲಿನತ್ತ ತಿರುಗಿದ.

ಅಲ್ಲಿಗೆ ಬಿಡಬಹುದಾಗಿತ್ತು. ನನ್ನಿಂದ ಆಗಲಿಲ್ಲ. ಇಷ್ಟು ದೊಡ್ಡ ಮನಸ್ಸಿನವನ ಮುಂದೆ ಮುಚ್ಚಿಟ್ಟುಕೊಂಡು ನಿಂತಿರುವುದು ಅಸಹ್ಯ ಅನ್ನಿಸಿತು. ಹೇಳಿಬಿಟ್ಟರೆ ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಾನೆ ಅಂತ ಒಳಗೊಳಗೇ ಆಸೆಯೂ ಇತ್ತು, ಸುಳ್ಳು ಯಾಕೆ.

"ಸಿಡ್ನಿಯಲ್ಲಿ ನೀವು ಕೇಳಿದ ಆ ಮೂರೂ ಎರರ್," ಅಂದೆ. "ಬರೆಯುವಾಗಲೇ ನನಗೆ ಗೊತ್ತಿತ್ತು. ಅವನು ನಮ್ಮ ಹುಡುಗ, ಅವನ ತಾಯಿ ಕೆಳಗೆ ಕೂತಿರುತ್ತಿದ್ದಳು. ಅದಕ್ಕೆ ಹಾಗೆ ಬರೆದೆ. ನನ್ನನ್ನ ಕ್ಷಮಿಸಿ."

ಅವನು ತಿರುಗಿ ನಿಂತ. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ಗೊತ್ತಿತ್ತಾ?" ಅಂದ.

"ಗೊತ್ತಿತ್ತು."

ಭುಜದ ಐಸ್ ಕರಗಿ ಅವನ ತೋಳಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಿಮಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೆ," ಅಂದ. "ಕ್ರಿಕೆಟ್‌ನಿಂದ ಬಂದವರು, ಇನ್ನೂ ಈ ಆಟ ಕಲಿಯುತ್ತಿದ್ದಾರೆ, ಒಳ್ಳೆಯವರು ಅಂತ. ಆ ಮೂರನೇ ಸಲ ನೀವು ಕೂಗಾಡಿದ ಮೇಲೆ ನಿಮ್ಮನ್ನ ತೆಗೆಯಬೇಕು ಅಂತ ಕೋಚು ಲೀಗಿಗೆ ಪತ್ರ ಬರೆದಿದ್ದರು. ಕಳಿಸೋದು ಬೇಡ ಅಂತ ನಾನೇ ಹರಿದು ಹಾಕಿಸಿದೆ."

ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಇಳಿದು ಹೋದ. ಜಪಾನಿನಿಂದ ಅವನಿಗೆ ಕರೆ ಬರಲಿಲ್ಲ.